ಎರೆ ಭೂಮಿಯಲ್ಲಿ ಕಲ್ಲು, ಸುಣ್ಣ ಬಳಸಿ ಹಳೆ ಮಾಳಿಗೆ ಮನೆಯಷ್ಟು ತಂಪಾದ ಹೊಸ ಮನೆ ಕಟ್ಟಬಹುದೇ?

ಚಿತ್ತಾಪುರದ ಕಡೆ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಊರಿನ ಕಲ್ಲು, ಸುಣ್ಣದಲ್ಲೇ ಅಜ್ಜನ ಕಾಲದ ಮಾಳಿಗೆ ಮನೆಯಂಥದ್ದು, ಅಂದರೆ ಸಪಾಟು ಮಣ್ಣಿನ ಚಾವಣಿಯ ಮನೆಯಂಥದ್ದು, ಕಟ್ಟಬೇಕು ಅಂದಿದ್ದೀರಿ. ಖಂಡಿತ ಆಗುತ್ತದೆ. ಹಳೆ ಮನೆಯಿಂದ ಗೋಡೆಯ ದಪ್ಪ, ಪಡಸಾಲೆ, ಗವಾಕ್ಷಿ (ಗಾಳಿ-ಬೆಳಕಿನ ಕಿಂಡಿ) ಎಲ್ಲ ತಗೊಳ್ಳಿ. ಮಾಳಿಗೆ ಮೇಲಿನ ಮಣ್ಣು ಮಾತ್ರ ಬೇಡ.

ಲೆಕ್ಕ ಹಾಕಿ ನೋಡಿ. ಸೋರಿದಾಗಲೆಲ್ಲ ಮೇಲೆ ಮಣ್ಣು ಸುರಿಯುತ್ತ ಹೋದ ಮಾಳಿಗೆ ಒಂದೂವರೆ ಅಡಿ ದಪ್ಪ ಆಗಿರುತ್ತದೆ. ಚದರಡಿಗೆ ಸುಮಾರು 70 ಕಿಲೋ, 10x12ರ ಕೋಣೆಗೆ 8 ಟನ್‌ಗೂ ಮೇಲೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ಸಾವಿರಾರು ಜನರನ್ನು ಕೊಂದದ್ದು ಇದೇ ಭಾರ. ಕೆಸರಿನಲ್ಲಿ ಕಟ್ಟಿದ ಕಲ್ಲುಗೋಡೆಯ ಒಳಮುಖ, ಹೊರಮುಖ ಬಿಚ್ಚಿಕೊಂಡವು, ಮಲಗಿದವರ ಮೇಲೆ ಮಾಳಿಗೆ ಕುಸಿಯಿತು. ಆಳಂದ, ಬಸವಕಲ್ಯಾಣದಿಂದ ಆ ಊರು ದೂರವೇನಲ್ಲ.

ಮೊದಲು ಪಾಯ. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಏಳುವ ಬಿರುಕಿಗೆ ಸಾಮಾನ್ಯವಾಗಿ ಅದೇ ಕಾರಣ. ಗರಸು (ಗಟ್ಟಿ ಜಲ್ಲಿ ಮಣ್ಣು) ಸಿಗುವವರೆಗೆ ಅಗೆಸಿ. 5-6 ಅಡಿಯೊಳಗೆ ಸಿಕ್ಕರೆ ಕಲ್ಲಿನ ಪಾಯ ಸಾಕು. ಇನ್ನೂ ಆಳ ಇದ್ದರೆ ಹಟ ಮಾಡದೆ, ತುದಿ ಉಬ್ಬಿದ ಕಾಂಕ್ರೀಟ್ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ), ಅದರ ಮೇಲೆ ಪ್ಲಿಂತ್ ಬೀಮ್ (ಗೋಡೆ ಬುಡದ ಕಾಂಕ್ರೀಟ್ ತೊಲೆ) ಹಾಕಿಸಿ. ಪಾಯದ ಪಕ್ಕಕ್ಕೆ ತೆಗೆದ ಎರೆ ಮಣ್ಣನ್ನೇ ಮತ್ತೆ ತುಂಬಬೇಡಿ, ಗರಸು ತುಂಬಿಸಿ. ಮನೆ ಸುತ್ತ 3 ಅಡಿ ಅಗಲ ಪರಸಿ (ಹಾಸುಗಲ್ಲು) ಹಾಸಿ, ಹೊರಗಡೆಗೆ ಇಳಿಜಾರು ಕೊಡಿ. ಬಚ್ಚಲ ನೀರು ಗೋಡೆ ಬುಡದಲ್ಲಿ ಇಂಗಲೇಬಾರದು.

ಗೋಡೆ 15 ಇಂಚು ಇರಲಿ. ಶಹಾಬಾದ ಕಲ್ಲು ಪದರದ ಕಲ್ಲು, ಗಣಿಯಲ್ಲಿ ಹೇಗೆ ಮಲಗಿತ್ತೋ ಹಾಗೇ ಮಲಗಿಸಿ ಕಟ್ಟಬೇಕು. ನಿಲ್ಲಿಸಿ ಕಟ್ಟಿದರೆ ಪದರ ಬಿಡುತ್ತದೆ. ಅಡ್ಡಕ್ಕೆ 4 ಅಡಿಗೊಂದು, ಎತ್ತರಕ್ಕೆ 2 ಅಡಿಗೊಂದು, ಗೋಡೆಯ ಆರಪಾರ ಹೋಗುವ ಉದ್ದಗಲ್ಲು ಇರಲೇಬೇಕು. ಮೇಸ್ತ್ರಿಗಳು ಬಿಟ್ಟುಬಿಡುವುದು ಇದನ್ನೇ. ಹಾಗಾಗಿ ಇಟ್ಟ ಉದ್ದಗಲ್ಲಿಗೆಲ್ಲ ಬಣ್ಣದ ಗುರುತು ಹಾಕಿಸಿ, ನೀವೇ ಎಣಿಸಿ. ಪ್ಲಿಂತ್, ಲಿಂಟಲ್ (ಬಾಗಿಲು-ಕಿಟಕಿಯ ಮೇಲ್ಭಾಗ), ಮಾಳಿಗೆ ಮಟ್ಟದಲ್ಲಿ 3 ಇಂಚಿನ ಕಾಂಕ್ರೀಟ್ ಪಟ್ಟಿ, ಒಳಗೆ 10 ಎಂಎಂ ಸರಳು ಎರಡು. ಗಾರೆಗೆ ಸುಣ್ಣ ಒಂದು ಪಾಲು, ಸುರ್ಕಿ (ಇಟ್ಟಿಗೆ ಪುಡಿ) ಒಂದು, ಮರಳು ಒಂದು. ಸುಣ್ಣ ಅರಳಿಸಿ ಕನಿಷ್ಠ 15 ದಿನ ನೀರಲ್ಲೇ ಇಡಿ. ಅರಳದೆ ಉಳಿದ ಹರಳು ಆಮೇಲೆ ಗೋಡೆಯಲ್ಲಿ ಸಿಡಿಯುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ಸುಣ್ಣದ ಕೆಲಸ ಹಿಡಿಯಬೇಡಿ, ಬಿಗಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ಮೇಲೆ ಸಿಮೆಂಟ್ ಪ್ಲಾಸ್ಟರ್ ಬೇಡ, ತೇವ ಒಳಗೇ ಸಿಕ್ಕಿಬೀಳುತ್ತದೆ. (ಬೀದರ ಕಡೆಯಾಗಿದ್ದರೆ ಜಂಬಿಟ್ಟಿಗೆ ಕಲ್ಲು ಚೆನ್ನ. ಕಡಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದ ಕೆಲವು ತಿಂಗಳು ಬಿಟ್ಟು ಕಟ್ಟಬೇಕು.)

ಮಾಳಿಗೆಗೆ 2 ಅಡಿಗೊಂದು ಕಬ್ಬಿಣದ ತೊಲೆ, ಅದರ ಮೇಲೆ 2 ಇಂಚಿನ ಪರಸಿ, ಮೇಲೆ 3 ಇಂಚು ಸುಣ್ಣದ ಗಚ್ಚು (ಸುಣ್ಣದ ಕಾಂಕ್ರೀಟ್). ಕಲ್ಲು, ಗಚ್ಚು ಸೇರಿ ಚದರಡಿಗೆ 25 ಕಿಲೋ, ಅದೇ ಕೋಣೆಗೆ 3 ಟನ್. ತೊಲೆಯ ಅಳತೆ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ, ತುದಿಗಳನ್ನು ಮೇಲಿನ ಪಟ್ಟಿಯ ಸರಳಿಗೆ ಬಿಗಿಸಿ. ಪರಸಿ ಇಳಿಸುವಾಗ ಒಂದೊಂದನ್ನೂ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಟಣ್ ಅನ್ನಬೇಕು. ದಬ್ ಅಂದರೆ ಒಳಗೆ ಪದರ ಬಿಟ್ಟಿದೆ ಎಂದರ್ಥ, ಅದನ್ನು ಅಂಗಳಕ್ಕೆ ಹಾಸಿ, ತಲೆ ಮೇಲೆ ಬೇಡ.

ಮಣ್ಣು ಬಿಟ್ಟದ್ದಕ್ಕೆ ತಂಪು ಒಂದಿಷ್ಟು ಕಡಿಮೆಯಾಗುವುದು ನಿಜ. ಪ್ರತಿ ಮಾರ್ಚ್‌ನಲ್ಲಿ ಮಾಳಿಗೆಗೆ ಎರಡು ಕೈ ಬಿಳಿ ಸುಣ್ಣ ಬಳಿದು, ಪಡುವಣ ಗೋಡೆಗೆ ಪಡಸಾಲೆಯ ನೆರಳು ಕೊಟ್ಟು, ಗವಾಕ್ಷಿಯನ್ನು ರಾತ್ರಿ ತೆರೆದು ಬಿಸಿಲೇರುವ ಮೊದಲು ಮುಚ್ಚಿದರೆ ಅದರಲ್ಲಿ ಬಹುಪಾಲು ವಾಪಸ್ ಸಿಗುತ್ತದೆ.