ಓದುಗರ ಪ್ರಶ್ನೆ: ಪೂಲ್ ಹೋದ ಮೇಲೆ ಕಾಫಿಯ ಲೆಕ್ಕ ಯಾರ ಕೈಯಲ್ಲಿ?

ಕಾಫಿ ಮಾರಾಟದ ಮೇಲಿದ್ದ ಸರ್ಕಾರದ ಹಿಡಿತ 1990ರ ದಶಕದಲ್ಲಿ ಸಡಿಲವಾದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಈ ಸಲ ಉತ್ತರ.

ಹಿಂದೆ ನಮ್ಮದೇ ತೋಟದ ಕಾಫಿಯನ್ನು ನಾವೇ ಮಾರುವಂತಿರಲಿಲ್ಲ ಎಂದು ಮನೆಯ ಹಿರಿಯರು ಹೇಳುತ್ತಾರೆ. ಅಷ್ಟು ಬಿಗಿ ಇತ್ತೇ? — ಓದುಗರು, ಸಕಲೇಶಪುರ

ಇತ್ತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೇಳುವವರಿಲ್ಲದಂತಾದಾಗ ಬೆಳೆಗಾರರನ್ನು ಉಳಿಸಲು ಬಂದದ್ದು 1942ರ ಕಾಫಿ ಕಾಯ್ದೆ. ಮನೆ ಬಳಕೆಗೆ ಮತ್ತು ಬಿತ್ತನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಮಾಲನ್ನೂ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ, ಹೋಗಬೇಕಿತ್ತು. ಮಂಡಳಿಯ ಪರವಾಗಿ ಕ್ಯೂರಿಂಗ್ ವರ್ಕ್ಸ್‌ಗಳು ಮಾಲು ಇಳಿಸಿಕೊಂಡು, ಹದ ಮಾಡಿ, ದರ್ಜೆ ಕಟ್ಟುತ್ತಿದ್ದವು. ದರ್ಜೆಗೆ ತಕ್ಕಂತೆ ನಿಮ್ಮ ಲೆಕ್ಕಕ್ಕೆ ಪಾಯಿಂಟ್ ಬೀಳುತ್ತಿತ್ತು. ರಫ್ತಿಗೊಂದು, ದೇಶದೊಳಗಿನ ಮಾರಾಟಕ್ಕೊಂದು ಎಂದು ಹರಾಜು ಬೇರೆ ಬೇರೆ. ಎಲ್ಲ ಸೇರಿ ಬಂದ ಹಣವನ್ನು ಪಾಯಿಂಟ್ ಲೆಕ್ಕದಲ್ಲಿ ಹಂಚುತ್ತಿದ್ದರು, ಅದೂ ಕಂತು ಕಂತಾಗಿ. ಕೊನೆಯ ಕಂತು ಕೈಸೇರುವಾಗ ಮುಂದಿನ ಕೊಯ್ಲು ಮುಗಿದಿರುವುದೂ ಇತ್ತು.

ಅದರಲ್ಲಿ ಒಂದು ನೆಮ್ಮದಿಯೂ ಇತ್ತು. ಎರಡು ಎಕರೆಯವನಿಗೂ ಇನ್ನೂರು ಎಕರೆಯವನಿಗೂ ಪಾಯಿಂಟ್ ದರ ಒಂದೇ; ವ್ಯಾಪಾರಿ ಕೈಕೊಡುವ ಭಯವಿಲ್ಲ. ತೊಂದರೆ ಇದ್ದದ್ದು ಮೂರು ಕಡೆ. ದುಡ್ಡು ತಡ. ಯಾವಾಗ ಮಾರಬೇಕೆನ್ನುವ ತೀರ್ಮಾನ ನಿಮ್ಮದಲ್ಲ. ಹಣ್ಣನ್ನೇ ಆರಿಸಿ ಕೊಯ್ದು, ಅದೇ ದಿನ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ, ಕಣದಲ್ಲಿ ಮುತುವರ್ಜಿಯಿಂದ ಒಣಗಿಸಿದವನ ಮಾಲೂ ದರ್ಜೆ ಒಂದೇ ಆದರೆ ಉಳಿದವರ ಮಾಲಿನ ಜೊತೆ ಬೆರೆತು ಹೋಗುತ್ತಿತ್ತು.

ಇಂಥ ವ್ಯವಸ್ಥೆಯನ್ನು ತೆಗೆದದ್ದೇಕೆ? 1991ರ ಉದಾರೀಕರಣದ ಭಾಗವೇ? — ಓದುಗರು, ಮೈಸೂರು

ಅರ್ಧ ಹೌದು. ಅದಕ್ಕೂ ಮೊದಲೇ ಪೂಲ್‌ನ ಬುಡ ಅಲುಗಾಡಿತ್ತು. ಅಂತರರಾಷ್ಟ್ರೀಯ ಕಾಫಿ ಒಪ್ಪಂದದಡಿ ಯಾವ ದೇಶ ಎಷ್ಟು ರಫ್ತು ಮಾಡಬೇಕೆಂಬ ಕೋಟಾ ಇತ್ತು. 1989ರ ಜುಲೈನಲ್ಲಿ ಅದು ಮುರಿದು ಬಿತ್ತು, ಜಗತ್ತಿನಾದ್ಯಂತ ಬೆಲೆ ಕುಸಿಯಿತು. 1990ರಲ್ಲಿ ಬ್ರೆಜಿಲ್ ತನ್ನ ಕಾಫಿ ಸಂಸ್ಥೆಯನ್ನೇ ಮುಚ್ಚಿತು. ಡಾಲರ್ ಬದಲು ರೂಪಾಯಿಯಲ್ಲೇ ಲೆಕ್ಕ ಚುಕ್ತಾ ಮಾಡುವ ವ್ಯಾಪಾರದಲ್ಲಿ ನಮ್ಮಿಂದ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಬೆಳೆಗಾರರಿಂದಲೇ ಒತ್ತಡ ಬಂತು. 1992ರಲ್ಲಿ ಒಂದು ಪಾಲನ್ನು ದೇಶದೊಳಗೆ ಸ್ವಂತವಾಗಿ ಮಾರಲು ಬಿಟ್ಟರು, 1993ರಲ್ಲಿ ಅರ್ಧದಷ್ಟು ಮುಕ್ತವಾಯಿತು, ಮುಂದೆ ಸಣ್ಣ ಬೆಳೆಗಾರರಿಗೆ ಪೂರ್ತಿ, 1996ರಲ್ಲಿ ಎಲ್ಲರಿಗೂ. ಅದೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಅಂಗಡಿ ತೆರೆಯಿತು. ತೋಟ, ರಫ್ತು, ಹುರಿಯುವುದು, ಕಪ್ಪಿನಲ್ಲಿ ಮಾರುವುದು ಇಷ್ಟನ್ನೂ ಒಬ್ಬರೇ ನಡುವೆ ಹರಾಜಿಲ್ಲದೆ ಜೋಡಿಸುವುದು ಪೂಲ್ ಕಾಲದಲ್ಲಿ ಆಗದ ಮಾತಾಗಿತ್ತು.

ಮುಕ್ತ ಮಾರುಕಟ್ಟೆ ಬಂದ ಕೂಡಲೇ ಕಾಫಿಗೆ ಚಿನ್ನದ ಬೆಲೆ ಬಂತು, ಆಮೇಲೆ 2001ರ ಹೊತ್ತಿಗೆ ನೆಲಕಚ್ಚಿತು. ನಿಯಂತ್ರಣ ತೆಗೆದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ? — ಓದುಗರು, ಸೋಮವಾರಪೇಟೆ

ಏರಿಕೆಗೂ ಇಳಿಕೆಗೂ ನಿಯಂತ್ರಣ ತೆಗೆದದ್ದು ಕಾರಣವಲ್ಲ. 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟವು, ಬೆಲೆ ಹಾರಿತು. ಆ ಹೊತ್ತಿಗೆ ಸರಿಯಾಗಿ ನಮ್ಮಲ್ಲಿ ಗೇಟು ತೆರೆದಿತ್ತು. ಮಲೆನಾಡಿನಲ್ಲಿ ಆಗ ಎದ್ದ ಮನೆಗಳ ಶ್ರೇಯಸ್ಸು ಬ್ರೆಜಿಲ್‌ನ ಹಿಮಕ್ಕೂ ಸಲ್ಲಬೇಕು. ಇನ್ನು 2001ರ ಹೊತ್ತಿನ ಕುಸಿತಕ್ಕೆ ಮುಖ್ಯ ಕಾರಣ ವಿಯೆಟ್ನಾಂ ರೊಬಸ್ಟಾವನ್ನು ಮಿತಿಮೀರಿ ಬೆಳೆದದ್ದು, ಬ್ರೆಜಿಲ್‌ನ ಹೊಸ ತೋಟಗಳು ಫಸಲಿಗೆ ಬಂದದ್ದು.

ನಿಯಂತ್ರಣ ತೆಗೆದಾಗ ಬದಲಾದದ್ದು ನಷ್ಟ ಯಾರ ಹೆಗಲಿಗೆ ಬೀಳುತ್ತದೆ ಎನ್ನುವುದು. ಪೂಲ್ ಇದ್ದಾಗ ಏರಿಳಿತ ಸರಾಸರಿಯಲ್ಲಿ ಕರಗಿ ನಿಧಾನಕ್ಕೆ ತಟ್ಟುತ್ತಿತ್ತು. ಆಮೇಲೆ ನ್ಯೂಯಾರ್ಕಿನ ಕಾಫಿ ಮಾರುಕಟ್ಟೆಯ ಇಳಿಕೆ ಮರುದಿನವೇ ಊರಿನ ವ್ಯಾಪಾರಿಯ ಬೋರ್ಡಿನಲ್ಲಿ ಕಾಣತೊಡಗಿತು. ನಮ್ಮದು ನೆರಳಿನ ಕಾಫಿ, ಕೈಯಲ್ಲೇ ಕೊಯ್ಯಬೇಕು, ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ. ಯಂತ್ರದಲ್ಲಿ ಕೊಯ್ಯುವ ಬ್ರೆಜಿಲ್‌ನವರು ತಡೆದುಕೊಳ್ಳುವ ಬೆಲೆಯಲ್ಲಿ ನಮ್ಮ ತೋಟ ಸಾಲಕ್ಕೆ ಬೀಳುತ್ತದೆ. ಆ ಕುಸಿತದಲ್ಲಿ ಚಹಾ, ಕಾಫಿ, ರಬ್ಬರ್, ತಂಬಾಕಿನ ಸಣ್ಣ ಬೆಳೆಗಾರರಿಗೆಂದು 2003ರಲ್ಲಿ 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿ ಬಂತು, ಸೇರಿದವರು ಕಡಿಮೆ. ಕೊಡಗಿನ ಅನೇಕ ತೋಟಗಳನ್ನು ಆಗ ಹಿಡಿದು ನಿಲ್ಲಿಸಿದ್ದು ಮರಕ್ಕೆ ಹಬ್ಬಿದ ಕಾಳುಮೆಣಸು.

2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡ್‌ಗೆ 4 ಡಾಲರ್ ದಾಟಿದ್ದು, ಲಂಡನ್‌ನಲ್ಲಿ ರೊಬಸ್ಟಾ ಟನ್‌ಗೆ 5,000 ಡಾಲರ್ ಮೀರಿದ್ದು ಕೂಡ ಬರ ಮತ್ತು ದಾಸ್ತಾನಿನ ಕತೆಯೇ. ಆ ಏರಿಕೆಯ ದುಡ್ಡು ಬೆಳೆಗಾರನಿಗೆ ಕಂತಿಲ್ಲದೆ ಸಿಕ್ಕಿತು, ಪೂಲ್ ಹೋದದ್ದರ ಲಾಭ ಎನ್ನಬಹುದಾದದ್ದು ಅದು.

ವ್ಯಾಪಾರಿ ಹೇಳಿದ ದರ ಸರಿಯೋ ತಪ್ಪೋ ಎಂದು ಮೂರು ಎಕರೆಯ ನಾನು ಹೇಗೆ ತಿಳಿಯಲಿ? — ಓದುಗರು, ವಿರಾಜಪೇಟೆ

ಪೂಲ್ ಕಾಲದಲ್ಲಿ ಮಂಡಳಿ ಮಾಡುತ್ತಿದ್ದ ಲೆಕ್ಕವನ್ನು ಈಗ ನೀವೇ ಮಾಡಬೇಕು. ಪೆನ್ನು ತೆಗೆದುಕೊಳ್ಳಿ.

ರೊಬಸ್ಟಾಗೆ ಲಂಡನ್ ದರ ನೋಡಿ, ಅದು ಟನ್ ಲೆಕ್ಕ. ಉದಾಹರಣೆಗೆ 4,000 ಡಾಲರ್, ಡಾಲರ್‌ಗೆ 85 ರೂಪಾಯಿ ಎಂದಿಟ್ಟುಕೊಳ್ಳಿ: ಕ್ಲೀನ್ ಬೀಜ, ಅಂದರೆ ಸಿಪ್ಪೆ ಬಿಡಿಸಿದ ಬೀಜ, ಕಿಲೋಗೆ 340 ರೂಪಾಯಿ. ಕ್ಯೂರಿಂಗ್, ಸಾಗಣೆ, ಚೀಲ, ವ್ಯಾಪಾರಿಯ ಲಾಭಕ್ಕೆಂದು 25 ರೂಪಾಯಿ ಬಿಟ್ಟರೆ 315. ಇನ್ನು ನಿಮ್ಮ ಚೆರ್ರಿಯ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ) ಓಟಿ, ಅಂದರೆ 50 ಕಿಲೋ ಒಣ ಚೆರ್ರಿಯಿಂದ ಎಷ್ಟು ಕಿಲೋ ಬೀಜ ಬರುತ್ತದೆ ಎನ್ನುವುದು. 27 ಬಂದರೆ ಚೀಲಕ್ಕೆ 8,505 ರೂಪಾಯಿ. ನಮ್ಮ ರೊಬಸ್ಟಾಗೆ ಲಂಡನ್ ದರದ ಮೇಲೆ ಹೆಚ್ಚುವರಿ ಸಿಗುವ ದಿನಗಳೂ ಇವೆ, ಆಗ ಅದನ್ನೂ ಸೇರಿಸಿ.

ಅರೇಬಿಕಾದ ನ್ಯೂಯಾರ್ಕ್ ದರ ಪೌಂಡ್‌ಗೆ ಸೆಂಟ್‌ಗಳಲ್ಲಿ ಇರುತ್ತದೆ. 300 ಸೆಂಟ್ ಅಂದರೆ 3 ಡಾಲರ್, ಅದನ್ನು 0.4536ರಿಂದ ಭಾಗಿಸಿದರೆ ಕಿಲೋಗೆ 6.61 ಡಾಲರ್, ಅಂದರೆ ಸುಮಾರು 562 ರೂಪಾಯಿ. 50 ಕಿಲೋ ಪಾರ್ಚ್‌ಮೆಂಟ್‌ನಲ್ಲಿ (ಪಲ್ಪರ್‌ಗೆ ಹಾಕಿ ಒಣಗಿಸಿದ, ತೆಳು ಹೊಟ್ಟು ಇನ್ನೂ ಇರುವ ಕಾಫಿ) ಸುಮಾರು 40 ಕಿಲೋ ಬೀಜ. ಮೇಲಿನಂತೆಯೇ ಖರ್ಚು ಕಳೆದು ಗುಣಿಸಿ.

ಹೆಚ್ಚು ಮಂದಿ ಸೋಲುವುದು ದರದಲ್ಲಲ್ಲ, ಓಟಿಯಲ್ಲಿ. 28 ಇರುವ ಮಾಲಿಗೆ 25 ಎಂದು ಬರೆದರೆ ಮೇಲಿನ ದರದಲ್ಲಿ ಚೀಲಕ್ಕೆ 945 ರೂಪಾಯಿ ಹೋಯಿತು. ಆದ್ದರಿಂದ ಸ್ಯಾಂಪಲ್ ನೀವೇ ತೆಗೆಯಿರಿ: ಒಂದೇ ಚೀಲದ ಬಾಯಿಂದಲ್ಲ, ಹಲವು ಚೀಲಗಳ ಮೇಲು, ನಡು, ತಳದಿಂದ. ಚೆನ್ನಾಗಿ ಬೆರೆಸಿ, 100 ಗ್ರಾಂ ತೂಗಿ, ಸಿಪ್ಪೆ ಬಿಡಿಸಿ, ಬೀಜ ತೂಗಿ. 54 ಗ್ರಾಂ ಬಂದರೆ ಓಟಿ 27. ಕರಿ ಬೀಜ, ಚೂರನ್ನು ತೂಕದಲ್ಲಿ ಸೇರಿಸುತ್ತಾರೋ ಕಳೆಯುತ್ತಾರೋ ಎನ್ನುವುದನ್ನು ಮಾಲು ಇಳಿಸುವ ಮೊದಲೇ ಕೇಳಿ.

ತೇವಾಂಶ ಇನ್ನೊಂದು. ಪಾರ್ಚ್‌ಮೆಂಟ್ ಶೇ 10, ರೊಬಸ್ಟಾ ಚೆರ್ರಿ ಶೇ 11, ಅರೇಬಿಕಾ ಚೆರ್ರಿ ಶೇ 12ಕ್ಕೆ ಒಣಗಬೇಕು. ಹಸಿ ಇದ್ದರೆ ಬೂಷ್ಟು ಹಿಡಿಯುತ್ತದೆ, ಬೀಜದ ಬಣ್ಣ ಹೋಗುತ್ತದೆ, ವ್ಯಾಪಾರಿಗೆ ತೂಕ ಕಳೆಯಲು ನೆಪವೂ ಸಿಗುತ್ತದೆ. ಭಯಪಟ್ಟು ಎರಡು ದಿನ ಹೆಚ್ಚು ಒಣಗಿಸಿದರೆ ನಿಮ್ಮದೇ ತೂಕ ಬಿಸಿಲಿಗೆ ಹೋಗುತ್ತದೆ: ಶೇಕಡ ಒಂದು ಅಂದರೆ ಚೀಲಕ್ಕೆ ಅರ್ಧ ಕಿಲೋ.

ಎಲ್ಲಕ್ಕಿಂತ ಅಪಾಯ, ದರ ಏರಲಿ ಎಂದು ಕಾಯುತ್ತಾ ದರ ನಿಗದಿ ಮಾಡದೆ ವ್ಯಾಪಾರಿಯ ಗೋದಾಮಿನಲ್ಲಿ ಮಾಲು ಇಳಿಸಿ ಬರುವುದು. ಆತ ಅದನ್ನು ಅಂದೇ ಮಾರಿರಬಹುದು. ಬೆಲೆ ಏರಿದ ದಿನ ನೀವು ಹಣ ಕೇಳಿದರೆ ಹೊಸ ದರಕ್ಕೆ ಕೊಡಲು ಆತನ ಬಳಿ ಮಾಲೂ ಇರುವುದಿಲ್ಲ, ದುಡ್ಡೂ ಇರುವುದಿಲ್ಲ. ಮುಳುಗಿದ ವ್ಯಾಪಾರಿಗಳಲ್ಲಿ ಹಲವರು ಮುಳುಗಿದ್ದು ಹೀಗೆ, ಬೆಲೆ ಏರುವಾಗ. ಕಾಯುವುದಿದ್ದರೆ ಮನೆಯಲ್ಲೇ ಇಡಿ, ಇಲ್ಲವೇ ನಿಮ್ಮ ಹೆಸರಿನಲ್ಲಿ ಚೀಲದ ಸಂಖ್ಯೆ, ತೂಕ, ಓಟಿ ಬರೆದ ರಸೀತಿ ಕೊಡುವ ಕ್ಯೂರಿಂಗ್‌ನಲ್ಲಿ ಇಡಿ.

ಫ್ಯೂಚರ್ಸ್‌ನಲ್ಲಿ, ಅಂದರೆ ಮುಂದಿನ ದಿನದ ಮಾರಾಟಕ್ಕೆ ಈಗಲೇ ದರ ಗೊತ್ತುಮಾಡುವ ಒಪ್ಪಂದದಲ್ಲಿ, ಬೆಲೆ ಕಟ್ಟಿಹಾಕಿ ಎಂಬ ಸಲಹೆ ನಿಮಗಲ್ಲ. ಲಂಡನ್‌ನ ಒಂದು ಲಾಟ್ 10 ಟನ್ ಬೀಜ. ಮೂರು ಎಕರೆಯಲ್ಲಿ ಒಂದೂವರೆ ಟನ್ ಬಂದರೆ ಒಳ್ಳೆಯ ಫಸಲು.

ಮಾರಾಟ ಮುಕ್ತವೆಂದ ಮೇಲೆ ಕಾಫಿ ಮಂಡಳಿಗೆ ಕೆಲಸವೇನು? ಈಗ ಯುರೋಪಿನವರು ತೋಟದ ನಕ್ಷೆ ಕೇಳುತ್ತಿದ್ದಾರಂತೆ, ಇದು ಹೊಸ ನಿಯಂತ್ರಣವಲ್ಲವೇ? — ಓದುಗರು, ಮೂಡಿಗೆರೆ

ಮಂಡಳಿ ಮಾರುವುದನ್ನು ಬಿಟ್ಟಿತು, ಉಳಿದದ್ದನ್ನಲ್ಲ: ಬಾಳೆಹೊನ್ನೂರಿನ ಸಂಶೋಧನೆ, ಬೆಳೆಗಾರರಿಗೆ ಸಲಹೆ, ರಫ್ತುದಾರರ ನೋಂದಣಿ ಅದರ ಕೈಯಲ್ಲೇ ಇವೆ.

ನಕ್ಷೆಯ ವಿಷಯದಲ್ಲಿ ನಿಮ್ಮ ಮಾತು ಸರಿ. ದೆಹಲಿ ಬಿಟ್ಟ ಲಗಾಮನ್ನು ಬ್ರಸೆಲ್ಸ್ ಹಿಡಿಯುತ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಎನ್ನುತ್ತದೆ ಐರೋಪ್ಯ ಒಕ್ಕೂಟದ 2023ರ ನಿಯಮ. ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದೆಯಾದರೂ ಕೊಳ್ಳುವವರು ವಿವರ ಕೇಳಲು ಶುರು ಮಾಡಿದ್ದಾರೆ. ನಮ್ಮ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ, ಅದರಲ್ಲೂ ಇಟಲಿ, ಜರ್ಮನಿಗೆ ಹೋಗುವುದರಿಂದ ಇದನ್ನು ತಳ್ಳಿಹಾಕುವಂತಿಲ್ಲ.

4 ಹೆಕ್ಟೇರ್‌ಗಿಂತ ದೊಡ್ಡ ತೋಟಕ್ಕೆ ಸುತ್ತಳತೆಯ ಬಿಂದುಗಳೆಲ್ಲ ಬೇಕು. ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದು ಸಾಕು. ಅಕ್ಷಾಂಶ, ರೇಖಾಂಶ ದಶಮಾಂಶದ ನಂತರ ಆರು ಅಂಕಿ ಇರಬೇಕು. ಕಾಗದದಲ್ಲಿ ಅದು ಗೇಣಿಗಿಂತ ಕಡಿಮೆ ಅಂತರದ ನಿಖರತೆ. ಸಿಲ್ವರ್ ಓಕ್ ನೆರಳಿನಲ್ಲಿ ನಿಂತ ಫೋನ್ ಮಾತ್ರ ಹಲವು ಮೀಟರ್ ಆಚೀಚೆ ತೋರಿಸುತ್ತದೆ. ಬೇಲಿಯುದ್ದಕ್ಕೂ ನಡೆಯುವಾಗ ಪ್ರತಿ ಮೂಲೆಯಲ್ಲೂ ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ನಿಂತು ಅಂಕಿ ನಿಂತ ಮೇಲೆ ಗುರುತು ಹಾಕಿ. ನಕ್ಷೆ ಪಕ್ಕದ ಮೀಸಲು ಅರಣ್ಯದೊಳಗೆ ಚಾಚಿಕೊಂಡರೆ ರಫ್ತಿಗೆ ಹೊರಟ ಇಡೀ ಮಾಲು ನಿಲ್ಲಬಹುದು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ, ನಕ್ಷೆಗಿಂತ ಮೊದಲು ಪೌತಿ ಖಾತೆಗೆ ಅರ್ಜಿ ಹಾಕಿ.