ಮನೆಯಲ್ಲಿ ಸಮುದ್ರದ ಮೀನು ಸಾಕುವುದು ತಪ್ಪೇ? ಕಡಲು ಪಕ್ಕದಲ್ಲೇ ಇದೆಯಲ್ಲ!

“ಮೀನು ತಿನ್ನುವ ಊರಿನವರು ನಾವು, ಕಡಲು ಪಕ್ಕದಲ್ಲೇ ಇದೆ, ನೀರಿಗೆ ಖರ್ಚಿಲ್ಲ, ಸಾಕಿದರೆ ತಪ್ಪೇನು?” ಎಂದು ಕೇಳಿದ್ದೀರಿ. ಏಳು ವರ್ಷಗಳ ಹಿಂದೆ ಇದೇ ಮಾತನ್ನು ಇದೇ ಧಾಟಿಯಲ್ಲಿ ನಾನು ಹೆಂಡತಿಗೆ ಹೇಳಿದ್ದೆ. ನಿಮ್ಮ ಪ್ರಶ್ನೆಯನ್ನು ಓದಿ ಹೇಳಿದಾಗ ಅವಳು ನಕ್ಕು ಒಳಗೆ ಹೋದಳು.

ನಮ್ಮ ಮನೆ ಮಂಗಳೂರಿನ ಕುಲಶೇಖರದಲ್ಲಿ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ 200 ಲೀಟರ್ ಹಿಡಿಯುವ ಗಾಜಿನ ತೊಟ್ಟಿ ತಂದೆ. ಸೋಮೇಶ್ವರದ ಕಡಲಿನಿಂದ 20 ಲೀಟರಿನ ಕ್ಯಾನುಗಳನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ನೀರು ಹೊತ್ತೆ. ಉಪ್ಪಿನ ಅಂಶ ಅಳೆದೆ: ಸಿಹಿನೀರಿನದನ್ನು 1 ಎಂದು ಹಿಡಿದರೆ ಸಾಂದ್ರತೆ 1.025, ಪುಸ್ತಕದಲ್ಲಿ ಇದ್ದ ಹಾಗೆಯೇ. ಮೀನಿಲ್ಲದೆ ಐದು ವಾರ ತೊಟ್ಟಿ ಓಡಿಸಿದೆ. ಮೀನು ಹೊರಹಾಕುವ ವಿಷಕಾರಿ ಅಮೋನಿಯವನ್ನು ನೈಟ್ರೈಟಾಗಿ, ನೈಟ್ರೇಟಾಗಿ ಬದಲಾಯಿಸುವ ಬ್ಯಾಕ್ಟೀರಿಯ ಮೊದಲು ಬೆಳೆಯಬೇಕಲ್ಲ. ಅಷ್ಟರ ಮಟ್ಟಿಗೆ ಜಾಣನೇ. ಆಮೇಲೆ ಒಂದು ಜೊತೆ ಕ್ಲೌನ್ ಮೀನು, ಅವುಗಳ ಆಸರೆಗೆ ಒಂದು ಅನಿಮೋನ್ (ಹೂವಿನಂತೆ ಕಾಣುತ್ತದೆ, ಪ್ರಾಣಿ), ಒಂದು ನೀಲಿ ಡ್ಯಾಮ್ಸೆಲ್ ಮೀನು, ಒಂದು ಕ್ಲೀನರ್ ರಾಸ್ ಮೀನು ಬಂದವು.

ಮಾರ್ಚ್ ಬಂತು. ನಮ್ಮೂರಿನ ಸೆಕೆ ನಿಮಗೆ ಗೊತ್ತು. ತೊಟ್ಟಿಯ ನೀರು ಬಿಸಿಯಾಗಬಾರದೆಂದು ಮೇಲೊಂದು ಸಣ್ಣ ಫ್ಯಾನ್ ಕಟ್ಟಿದೆ. ದಿನಕ್ಕೆ ಸುಮಾರು ಎರಡು ಲೀಟರ್ ನೀರು ಆರುತ್ತಿತ್ತು. ಪ್ರತಿ ಭಾನುವಾರ ಸೋಮೇಶ್ವರಕ್ಕೆ ಹೋಗಿ ಒಂದು ಕ್ಯಾನ್ ಸಮುದ್ರದ ನೀರು ತಂದು, ಇಳಿದಷ್ಟನ್ನು ತುಂಬಿಸುತ್ತಿದ್ದೆ. ಸಮುದ್ರದ ಮೀನಿಗೆ ಸಮುದ್ರದ ನೀರು, ಇದರಲ್ಲಿ ಯೋಚಿಸುವುದು ಏನಿದೆ ಎಂದುಕೊಂಡಿದ್ದೆ.

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ; 200 ಲೀಟರಿಗೆ ಏಳು ಕಿಲೋ. ದಿನಕ್ಕೆ ಎರಡು ಲೀಟರಿನಂತೆ ಸಮುದ್ರದ ನೀರನ್ನೇ ಸೇರಿಸಿದರೆ ದಿನಕ್ಕೆ 70 ಗ್ರಾಂ, ಮೂವತ್ತು ದಿನಕ್ಕೆ ಎರಡು ಕಿಲೋ ನೂರು ಗ್ರಾಂ ಉಪ್ಪು ಹೆಚ್ಚಾಯಿತು. ಲೀಟರಿಗೆ 35 ಗ್ರಾಂ ಇದ್ದದ್ದು 45 ದಾಟಿತು. ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವುದೂ ಹೀಗೆಯೇ ಅಲ್ಲವೇ: ಸಮುದ್ರದ ನೀರು ಬಿಡುವುದು, ಬತ್ತಿಸುವುದು. ನಾನು ಅದನ್ನು ನಮ್ಮ ನಡುಮನೆಯಲ್ಲಿ, ಮೀನುಗಳನ್ನು ಒಳಗೆ ಇಟ್ಟುಕೊಂಡು ಮಾಡುತ್ತಿದ್ದೆ.

ಗಾಜಿನ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕುತ್ತಿದ್ದೆ. ಅಳೆಯುವ ಸಾಧನ ತೊಟ್ಟಿಯ ಕೆಳಗಿನ ಕಪಾಟಿನಲ್ಲೇ ಇತ್ತು; ಮೊದಲ ದಿನ ಬಳಸಿದವನು ಆಮೇಲೆ ಮುಟ್ಟಲಿಲ್ಲ. ಸಮುದ್ರದ ಮೀನಿನ ಮೈಯೊಳಗಿನ ಉಪ್ಪು ಕಡಲಿನದಕ್ಕಿಂತ ಎಷ್ಟೋ ಕಡಿಮೆ. ಅದರ ಮೈಯಿಂದ ನೀರು ಸದಾ ಹೊರಗೆ ಸೋರುತ್ತಿರುತ್ತದೆ. ಹಾಗಾಗಿ ಅದು ಸಮುದ್ರದ ನೀರು ಕುಡಿದು, ಉಪ್ಪನ್ನು ಕಿವಿರುಗಳಿಂದ ಹೊರಹಾಕಿ ಬದುಕುತ್ತದೆ. ನೀರಿನ ಉಪ್ಪು ಏರಿದಷ್ಟೂ ಆ ದುಡಿಮೆ ಹೆಚ್ಚು. ಅನಿಮೋನಿಗೆ ಆ ಉಪಾಯವೂ ಇಲ್ಲ. ಮೀನುಗಳು ಜೋರಾಗಿ ಉಸಿರಾಡುತ್ತಿದ್ದುದನ್ನು ನೋಡಿ ನಾನು ಮಾಡಿದ್ದೇನು ಗೊತ್ತೇ? ಪಾಪ, ಹೊಸ ನೀರು ಬೇಕಾಗಿರಬೇಕು ಎಂದು ಇನ್ನೊಂದು ಕ್ಯಾನ್ ತಂದು ಸುರಿದೆ.

ಏಪ್ರಿಲಿನ ಒಂದು ರಾತ್ರಿ ಅನಿಮೋನ್ ಕರಗಿ ಹೋಯಿತು. ಅದು ಕೊಳೆತರೆ ಇಡೀ ತೊಟ್ಟಿಗೆ ವಿಷ. ಬೆಳಿಗ್ಗೆ ಕ್ಲೌನ್ ಜೋಡಿಯೂ ರಾಸ್ ಮೀನೂ ಮೇಲೆ ತೇಲುತ್ತಿದ್ದವು. ಡ್ಯಾಮ್ಸೆಲ್ ಮಾತ್ರ ಕಲ್ಲಿನ ಸಂದಿಯಲ್ಲಿ ಅಡಗಿತ್ತು. ಅಮ್ಮನಿಗೆ ಲೆಕ್ಕ ವಿವರಿಸಿದಾಗ ಅವರು ಬಂಗುಡೆ ಹೆಚ್ಚುತ್ತಿದ್ದರು. ಕೈ ನಿಲ್ಲಿಸದೆ, “ಪುಳಿಮುಂಚಿ ಸಾರು ಬತ್ತಿದರೆ ನೀರು ಹಾಕುತ್ತೇವೆಯೋ ಉಪ್ಪುನೀರು ಹಾಕುತ್ತೇವೆಯೋ ಮಾರಾಯ?” ಎಂದರು. ಹಿತ್ತಿಲಲ್ಲಿ ಸಿಹಿನೀರಿನ ಬಾವಿ ಇತ್ತು. ದಿನಕ್ಕೆ ಎರಡು ಲೀಟರ್ ಅದನ್ನೇ ಸೇದಿ ಹಾಕಿದ್ದರೆ ಮುಗಿಯುತ್ತಿತ್ತು.

ಆದ್ದರಿಂದ ಕಡಲು ಪಕ್ಕದಲ್ಲಿದೆ ಎಂಬುದನ್ನು ಅನುಕೂಲವೆಂದು ಎಣಿಸಬೇಡಿ. ಬೆಂಗಳೂರಿನಲ್ಲಿ ಉಪ್ಪಿನ ಪ್ಯಾಕೆಟ್ ಕೊಂಡು ಕಲಸುವವನು ಪ್ರತಿ ಸಲ ಅಳೆದೇ ಅಳೆಯುತ್ತಾನೆ. ನಾನು ಅಳೆಯದೆ ಬಿಟ್ಟದ್ದು ಕಡಲನ್ನು ನಂಬಿ. ಮಳೆಗಾಲದಲ್ಲಂತೂ ನೇತ್ರಾವತಿ, ಫಲ್ಗುಣಿ ಎರಡೂ ಕೆಂಪು ನೀರು ತಂದು ಸುರಿಯುವಾಗ ದಡದ ನೀರನ್ನು ಮುಟ್ಟುವ ಹಾಗೂ ಇಲ್ಲ.

ಇನ್ನು ತಿನ್ನುವ ಮಾತು. ಬಂಗುಡೆ, ಬೂತಾಯಿ ನಾನೂ ತಿನ್ನುತ್ತೇನೆ, ನಿನ್ನೆಯೂ ತಿಂದಿದ್ದೇನೆ. ಅದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ದಕ್ಕೆಗೆ (ಮೀನು ಇಳಿಸುವ ಬಂದರಿಗೆ) ಬರುವ ಬಂಗುಡೆಯನ್ನು ಪ್ರೀತಿಯಿಂದ ಸಾಕುತ್ತೇನೆ ಎಂದು ಯಾರೂ ಹೇಳುವುದಿಲ್ಲ. ತೊಟ್ಟಿಯ ಮೀನಿನ ಬಗ್ಗೆ ನಾನು ಹಾಗೆ ಹೇಳಿದ್ದೆ. ಅಂಗಡಿಯ ಸಿಹಿನೀರಿನ ಬಣ್ಣದ ಮೀನುಗಳು ಬಹುಪಾಲು ಕೊಳಗಳಲ್ಲಿ ಬೆಳೆಸಿದವು. ಸಮುದ್ರದ ಬಣ್ಣದ ಮೀನುಗಳು ಬಹುಪಾಲು ಹವಳದ ದಿಬ್ಬಗಳಲ್ಲಿ ಹಿಡಿದವು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸೋಡಿಯಂ ಸಯನೈಡ್ ಚಿಮ್ಮಿಸಿ ಮೀನನ್ನು ಮಂಕುಮಾಡಿ ಹಿಡಿಯುವುದೂ ಉಂಟು; ಸುತ್ತಲಿನ ಹವಳವೂ ಅದರಿಂದ ಸಾಯುತ್ತದೆ. ನನ್ನ ಮೀನು ಎಲ್ಲಿಂದ ಬಂದದ್ದೆಂದು ನಾನು ಕೇಳಿರಲೇ ಇಲ್ಲ. ತೊಟ್ಟಿ ಚೊಕ್ಕಟವಾಗಿರಲಿ ಎಂದು ತಂದಿದ್ದ ಆ ರಾಸ್ ಬೇರೆ ಮೀನುಗಳ ಮೈಮೇಲಿನ ಪರೋಪಜೀವಿ ತಿಂದು ಬದುಕುವಂಥದ್ದು, ನನ್ನಲ್ಲಿ ಅದಕ್ಕೆ ಊಟವೇ ಇರಲಿಲ್ಲ. ಅದೇ ಜಾತಿಯ ಮೀನು ಕನ್ನಡಿಯಲ್ಲಿ ತನ್ನ ಮೈಮೇಲಿನ ಗುರುತು ಕಂಡು ಅದನ್ನು ಉಜ್ಜಿಕೊಳ್ಳಲು ನೋಡಿತು ಎಂದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನನ್ನ ಮಾತು ಕೇಳುವುದಾದರೆ ಸಾಕಬೇಡಿ. ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಇಳಿತದ ಹೊತ್ತಿಗೆ ಸುರತ್ಕಲ್ಲಿನ ದೀಪಸ್ತಂಭದ ಕೆಳಗಿನ ಬಂಡೆಗಳಿಗೆ ಕರೆದುಕೊಂಡು ಹೋಗಿ, ಗುಂಡಿಗಳಲ್ಲಿ ನೋಡಿ, ಅಲ್ಲೇ ಬಿಟ್ಟು ಬನ್ನಿ. ಹಟ ಬಿಡದಿದ್ದರೆ ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಜೋಡಿ ಮಾತ್ರ. ಅದನ್ನು ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಅನಿಮೋನ್ ಬೇಡ, ಅದಿಲ್ಲದೆಯೂ ಅವು ಇರುತ್ತವೆ. ಹವಳ, ಸಮುದ್ರಕುದುರೆ ಕೊಡುತ್ತೇನೆ ಎಂದರೆ ಆ ಅಂಗಡಿಯಿಂದ ಎದ್ದು ಬನ್ನಿ. ಎರಡನ್ನೂ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಡಿ ತಂದಿದ್ದಾರೆ.

ಬೇಸರ ಬಂದರೆ ಕಡಲಿಗೆ ಬಿಡಬಹುದಲ್ಲ ಎಂದೂ ಕೇಳಿದ್ದೀರಿ. ಬಿಡಬಾರದು. ತೊಟ್ಟಿಯ ರೋಗವೂ ಜೊತೆಗೆ ಹೋಗುತ್ತದೆ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಲಯನ್ ಮೀನು ಅಟ್ಲಾಂಟಿಕ್ ಸೇರಿ ಅಲ್ಲಿನ ಮರಿಮೀನುಗಳನ್ನು ತಿಂದು ಮುಗಿಸುತ್ತಿರುವುದನ್ನು ಓದಿ ನೋಡಿ. ಹಾಗಾಗಿ ನನ್ನ ಡ್ಯಾಮ್ಸೆಲ್ ಇನ್ನೂ ಇಲ್ಲೇ ಇದೆ. ಬೇರೆ ಮೀನು ತರಲಿಲ್ಲ, ತಂದರೂ ಅದು ಕಚ್ಚಿ ಓಡಿಸುತ್ತದೆ. ಇದನ್ನು ಬರೆಯಲು ಕೂರುವ ಮೊದಲು ಬಾವಿಯಿಂದ ಒಂದು ಚೆಂಬು ನೀರು ಸೇದಿ ಹಾಕಿ, ಅಳೆದು ನೋಡಿ ಬಂದೆ. 1.025.