ಅಮ್ಮನ ಮರೆವಿನ ಬಗ್ಗೆ ಅಮ್ಮನನ್ನೇ ಕೇಳಿ

ನಮಸ್ಕಾರ.

ನಿಮ್ಮ ಅಮ್ಮನ ಮರೆವಿನ ಬಗ್ಗೆ ಉಡುಪಿಯಿಂದ ನೀವು ಕಳಿಸಿದ ‘ಕಾಯಿಲೆ ತಿಂದ ನೆನಪು’ ಲೇಖನ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ನಿಮ್ಮ ಹತ್ತಿರ ಒಳ್ಳೆಯ ವಿಷಯ ಇದೆ.

ಶುಗರ್, ಬಿಪಿ, ಗಂಟುನೋವು ಇರುವವರಲ್ಲಿ ‘ನನಗೆ ಮರೆವು ಜಾಸ್ತಿಯಾಗಿದೆ’ ಎನ್ನುವವರು ಹೆಚ್ಚು, ಕಾಯಿಲೆಗಳು ಹೆಚ್ಚಿದಷ್ಟೂ ಈ ದೂರು ಹೆಚ್ಚು ಎಂದು ಬರೆದಿದ್ದೀರಿ. ಸರಿಯೇ. ಹಲವು ದೇಶಗಳ ಸಮೀಕ್ಷೆಗಳಲ್ಲಿ ಇದು ಕಂಡುಬಂದಿದೆ. ಆದರೆ ಮುಂದಿನ ಸಾಲಿನಲ್ಲೇ ‘ಹೀಗೆ ಕಾಯಿಲೆ ಮಿದುಳನ್ನು ಸವೆಸುತ್ತದೆ’ ಎಂದುಬಿಟ್ಟಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಮರೆವಿದೆ ಎಂದು ಹೇಳಿಕೊಳ್ಳುವುದು ಬೇರೆ, ಪರೀಕ್ಷೆ ಮಾಡಿದಾಗ ನೆನಪು ಕುಂದಿರುವುದು ಬೇರೆ. ತುಂಬಾ ಮರೆವು ಎನ್ನುವ ಎಷ್ಟೋ ಜನ, ಡಾಕ್ಟರು ಹೇಳಿದ ಪದಗಳನ್ನು ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಸರಿಯಾಗಿ ಹೇಳುತ್ತಾರೆ. ನಿಜವಾಗಿ ನೆನಪು ಕುಂದುತ್ತಿರುವ ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ, ಮನೆಯವರೇ ಗಮನಿಸಿ ಕರೆತರಬೇಕು. ಮತ್ತೆ, ಇಂಥ ಎಷ್ಟೋ ಸಮೀಕ್ಷೆಗಳಲ್ಲಿ ಕಾಯಿಲೆ, ಮರೆವು ಎರಡನ್ನೂ ಒಂದೇ ಸಲ, ಒಬ್ಬರ ಬಾಯಿಂದಲೇ ಕೇಳಿರುತ್ತಾರೆ. ಮನಸ್ಸು ಕುಗ್ಗಿದವರಿಗೆ ಎರಡೂ ದೊಡ್ಡದಾಗಿ ಕಾಣುತ್ತವೆ, ಅಲ್ವಾ? ಯಾವುದರಿಂದ ಯಾವುದು ಬಂತು ಎಂದು ಅಷ್ಟರಿಂದ ಹೇಳಲಾಗದು.

ಹಾಗಂತ ನಂಟೇ ಇಲ್ಲ ಎನ್ನುತ್ತಿಲ್ಲ. ನಡುವಯಸ್ಸಿನಲ್ಲಿ ಹತೋಟಿ ತಪ್ಪಿದ ಬಿಪಿ, ಶುಗರ್ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ. ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಕಾಯಿಲೆಯ ಕುರಿತ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೆಸರಿಸಿದ, ನಾವು ತಗ್ಗಿಸಬಹುದಾದ 14 ಅಪಾಯಗಳಲ್ಲಿ ಇವೆರಡೂ ಇವೆ. ಕಿವಿ ಮಂದವಾಗುವುದು, ಖಿನ್ನತೆ ಕೂಡ ಇವೆ. ಆದರೆ ಅದು ವರ್ಷಗಟ್ಟಲೆ ನಡೆಯುವ ಹಾನಿ. ಅಮ್ಮ ಈ ಮಳೆಗಾಲದಿಂದ ಹೇಳುತ್ತಿರುವ ಮರೆವಿಗೂ ಅದೇ ಕಾರಣ ಎಂದು ನಿಮಗೆ ಹೇಗೆ ಗೊತ್ತಾಯಿತು?

ಲೇಖನದ ಜೀವ ಇರುವುದು ಮೂರನೇ ಪುಟದಲ್ಲಿ. ರಾತ್ರಿಯ ಮಾತ್ರೆ ನುಂಗಿದೆನೋ ಇಲ್ಲವೋ ಅಂತ ಅಮ್ಮ ಕೇಳುತ್ತಾರೆ. ಮಲ್ಪೆಯಿಂದ ತಂದ ಬಂಗುಡೆಯನ್ನು ಫ್ರಿಜ್ಜಿನಲ್ಲಿಡಲು ಮರೆಯುತ್ತಾರೆ. ನಿಮ್ಮ ಮದುವೆಗೆ ಯಾರು ಏನು ಕೊಟ್ಟರು ಎಂದು ಮಾತ್ರ ಒಂದೂ ಬಿಡದೆ ಹೇಳುತ್ತಾರೆ. ಹಳೆಯದು ನೆನಪಿದೆ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಡಿಮೆನ್ಶಿಯಾದ ಶುರುವಿನಲ್ಲೂ ಹಳೆಯದು ಉಳಿದಿರುತ್ತದೆ. ಆದರೆ ಅದೇ ಪುಟದಲ್ಲಿ ಸುಮ್ನೆ ಒಂದು ಸಾಲು ಬಂದುಹೋಗಿದೆ: ಮೊಣಕಾಲು ನೋವಿನಿಂದ ಅಮ್ಮನಿಗೆ ಬೆಳಗಿನ ಜಾವದವರೆಗೂ ನಿದ್ದೆ ಇಲ್ಲ. ಲೇಖನ ಇಲ್ಲಿಂದಲೇ ಶುರುವಾಗಬೇಕಿತ್ತು! ನಿದ್ದೆ ಕೆಟ್ಟು, ನೋವು ಕಾಡುವಾಗ ಗಮನ ನಿಲ್ಲುವುದಿಲ್ಲ. ಗಮನ ಕೊಡದೆ ನುಂಗಿದ ಮಾತ್ರೆ ಆಮೇಲೆ ನೆನಪಿಗೆ ಬರುವುದಾದರೂ ಹೇಗೆ?

ಮದ್ದುಗಳ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು, ಅದರಿಂದಲೂ ಮರೆವು ಬರಬಹುದು. ಅಲರ್ಜಿಗೆ ಕೊಡುವ, ನಿದ್ದೆ ಬರಿಸುವ ಕೆಲವು ಮಾತ್ರೆಗಳು ತಲೆ ಮಂಕು ಮಾಡುತ್ತವೆ. ಶುಗರ್ ತೀರಾ ಇಳಿದರೆ ಗೊಂದಲವಾಗುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಮರೆವು ಬರುತ್ತದೆ. ಬಿ12, ಥೈರಾಯ್ಡ್ ಎರಡೂ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ, ಚಿಕಿತ್ಸೆಯೂ ಇದೆ. ನೀವೋ ‘ಮರಳಿ ಬಾರದ ನೆನಪು’ ಎಂದು ಬರೆದಿದ್ದೀರಿ. ಅದೇ ಕಾಯಿಲೆ ಇರುವ ಒಬ್ಬ ತಾಯಿ ಇದನ್ನು ಓದಿದರೆ ಎಷ್ಟು ಹೆದರಬಹುದು, ಯೋಚಿಸಿ. ಆ ಸಾಲನ್ನು ತೆಗೆಯಲೇಬೇಕು.

ಅಮ್ಮನ ಜೊತೆ ಕೂತು ಕೇಳಿ. ಯಾವ ಹೊತ್ತಿನಲ್ಲಿ ಮರೆವು ಜಾಸ್ತಿ? ಹಿಂದಿನ ರಾತ್ರಿ ನಿದ್ದೆ ಹೇಗಿತ್ತು? ಎಲ್ಲ ಮದ್ದುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಓದುಗರಿಗೂ ಅದನ್ನೇ ಹೇಳಿ. ಗೊತ್ತಿರುವ ದಾರಿಯೇ ತಪ್ಪಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು ಎನ್ನುವುದೂ ಬರಲಿ. ಮೊದಲ ಎರಡು ಪುಟ ಪೂರ್ತಿ ಬಿಡಿ. 800 ಪದ ಸಾಕು. ಕಳಿಸುವ ಮೊದಲು ಅಮ್ಮನಿಗೆ ಓದಿ ಹೇಳಿ. ಅವರು ಬೇಡ ಅಂದ ಸಾಲು ನಮಗೂ ಬೇಡ.

ಸಂಪಾದಕ